ಬನ್ನಿಯ ದಿನ ತೆರೆಯದ ಲಿಂಕು

ಯಾರಾದರೂ ನನ್ನ ಕೈಗೆ ಕಂಪ್ಯೂಟರ್ ಕೊಟ್ಟರೆ ನಾನು ಮೊದಲು ನೋಡುವುದು ಅದರ ಡೀಫಾಲ್ಟ್ ಬ್ರೌಸರ್ ಯಾವುದು ಎಂಬುದನ್ನು. ಸೆಟ್ಟಿಂಗ್ಸಿನೊಳಗೆ ಹೋಗಿ, ಮೇಲ್‌ನಲ್ಲಿ ಬಂದ ಲಿಂಕನ್ನು ಒತ್ತಿದರೆ ಅದನ್ನು ತೆರೆಯುವವರು ಇಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದ ಮೇಲೆಯೇ ಮಿಕ್ಕ ಕೆಲಸ. ಈಗ ನಾವಿರುವ ರಾಯಚೂರಿನ ಓಣಿಯವರು ಇದಕ್ಕೆ ನನ್ನನ್ನು ಆಡಿಕೊಳ್ಳುತ್ತಾರೆ. "ಅಕ್ಕಾರು ಪ್ರಿಂಟರ್ ಕೆಟ್ಟದ ಅಂದ್ರೂ ಮೊದಲ ಬ್ರೌಸರನ ನೋಡ್ತಾರ" ಎಂದು ನಗುತ್ತಾರೆ. ನಗಲಿ. ಅವರ ಮನೆಯ ಲಿಂಕುಗಳೆಲ್ಲ ಸರಿಯಾಗಿ ತೆರೆಯುತ್ತವೆ, ಅವರಿಗೆ ನಗುವುದಕ್ಕೆ ಬಿಡುವಿದೆ.

ನನ್ನ ತವರು ಮಾನ್ವಿ. ಕೊಟ್ಟಿದ್ದು ದೇವದುರ್ಗಕ್ಕೆ. ಗಂಡನದು ಅಲ್ಲಿ ಮನೆಗೆ ಅಂಟಿಕೊಂಡೇ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು, ತೊಟ್ಟಿಲ ಕಾರ್ಯಕ್ರಮದ ಕಾರ್ಡು. ತೊಟ್ಟಿಲ ಕಾರ್ಡಿಗೆ ಹಾಕುವ ಕೂಸಿನ ಚಿತ್ರ ಆರಿಸಿ ಕೊಡುವ ಕೆಲಸ ನನ್ನದು. ಅದರಲ್ಲಿ ನನ್ನ ಕೈ ಒಳ್ಳೆಯದು ಎಂದು ಊರೆಲ್ಲ ಹೇಳುತ್ತಿತ್ತು. ಹಾಗೆ ಹೇಳಿದ ಬಾಯಿಂದಲೇ "ನಿಮ್ಮ ಮನಿಯಾಗ ಏನರ ವಿಶೇಷ ಅದನೂ?" ಎಂದು ಕೇಳುವುದೂ ಇತ್ತು. ಒಮ್ಮೆ ಒಬ್ಬಾಕೆಗೆ, "ವಿಶೇಷ ಇದ್ರ ಕಾರ್ಡು ನಾವ ಹೊಡ್ಕೋತಿದ್ದೆವಲ್ಲವಾ, ನಿಮಗ ಗೊತ್ತಾಗದಂಗ ಇರ್ತದೇನು?" ಎಂದು ಮುಖ ಮುರಿದ ಹಾಗೆ ಅಂದುಬಿಟ್ಟೆ. ಆಕೆ ಕಾರ್ಡು ಮಾಡಿಸಲು ಬೇರೆ ಪ್ರೆಸ್ಸಿಗೆ ಹೋದಳು.

ವಿಶೇಷ ಇರಲಿಲ್ಲ. ರಾಯಚೂರಿನ ಡಾಕ್ಟರರು ಇಲ್ಲವೆಂದರು, ಹೈದರಾಬಾದಿನವರು ಸ್ವಲ್ಪ ದಿನ ಆಸೆ ತೋರಿಸಿ ಆಮೇಲೆ ಇಲ್ಲವೆಂದರು. ಮಾನ್ವಿಯಲ್ಲಿ ನನ್ನ ಅವ್ವ ಹೊರದ ಹರಕೆಯಿಲ್ಲ. ಕಡೆಗೆ ನಾನೂ ನನ್ನ ಗಂಡನೂ ದತ್ತು ತೆಗೆದುಕೊಳ್ಳೋಣವೆಂದು ಮಾತಾಡಿಕೊಂಡೆವು. ಈ ಮಾತು ಮೂವರಿಗೆ ಬಿಟ್ಟು ನಾಲ್ಕನೆಯವರಿಗೆ ಗೊತ್ತಾಗಬಾರದು ಎಂದೂ ಮಾತಾಡಿಕೊಂಡೆವು. ಕೂಸು ಮನೆಗೆ ಬಂದ ಮೇಲೆ ಊರು ನೋಡಿಕೊಳ್ಳಲಿ, ಬರುವ ಮುಂಚೆ ಯಾರ ಬಾಯಿಗೂ ಬೀಳುವುದು ಬೇಡ. ಮೂರನೆಯವರು ನನ್ನ ಅತ್ತೆ.

ಅತ್ತೆ ಹುಟ್ಟಿದ್ದು ಗಬ್ಬೂರಿನ ಕಡೆಯ ಕುರಿ ಕಾಯುವ ಮನೆತನದಲ್ಲಿ. ಅವರು ಏನನ್ನುತ್ತಾರೋ ಎಂದು ನಾವು ಎಷ್ಟೋ ದಿನ ಬಾಯಿ ಬಿಟ್ಟಿರಲಿಲ್ಲ. ಹೇಳಿದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ತಾಯಿ ಸತ್ತ ಮರಿಗಿ ಬ್ಯಾರೆ ಕುರಿ ಮೊಲಿ ಕೊಡಂಗಿಲ್ಲೇನು? ಮೊದಲ ಒದೀತದ. ನಾಕು ದಿನ ಹಿಡದು ಕುಡಿಸಿದ್ರ ಆಮ್ಯಾಲ ತಾನ ಹುಡುಕ್ಕೋತ ಬರ್ತದ" ಎಂದರು. ಆ ಹೊತ್ತಿಗೆ ನನಗೆ ಅತ್ತೆಯ ಮೇಲೆ ಬಂದ ಪ್ರೀತಿ ಇವತ್ತಿಗೂ ಇದೆ.

ಆದರೆ ಮನೆ ನೋಡಲು ರಾಯಚೂರಿನ ದತ್ತು ಕಚೇರಿಯಿಂದ ಒಬ್ಬ ಮೇಡಂ ಬಂದಾಗ, ಅದೇ ಅತ್ತೆ ಚಹಾ ಕೊಟ್ಟು ಎದುರಿಗೆ ಕುಳಿತು, "ಕೂಸು ಯಾವ ಕುಲದ್ದು ಕೊಡ್ತೀರವಾ?" ಎಂದು ಕೇಳಿಬಿಟ್ಟರು. ನನ್ನ ಗಂಡ ಕೆಮ್ಮಿದರು. ಮೇಡಂ ನಕ್ಕು, "ಅದನ್ನೆಲ್ಲ ಕೇಳಂಗಿಲ್ಲಮ್ಮಾ" ಎಂದರು. ಅತ್ತೆ "ಹಂಗಾದ್ರ ಬಿಡ್ರಿ" ಎಂದು ಇನ್ನಷ್ಟು ಚಹಾ ಬಗ್ಗಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಗಂಡಾದರೂ ಸರಿ, ಹೆಣ್ಣಾದರೂ ಸರಿ ಎಂದು ಬರೆದುಕೊಟ್ಟು ಕಾಯುತ್ತಾ ಕುಳಿತೆವು. ನಿಮ್ಮ ಸರದಿ ಬಂದಾಗ ಮೇಲ್ ಬರುತ್ತದೆ, ಅದರಲ್ಲಿರುವ ಲಿಂಕ್ ಒತ್ತಿದರೆ ಮಗುವಿನ ಫೋಟೋ ಕಾಣುತ್ತದೆ ಎಂದು ಮೇಡಂ ಹೇಳಿ ಹೋಗಿದ್ದರು.

ಆಗ ನಮ್ಮಿಬ್ಬರ ಕೈಯಲ್ಲೂ ಇದ್ದದ್ದು ಗುಂಡಿ ಒತ್ತುವ ಫೋನು. ಮೇಲ್ ಬರುತ್ತಿದ್ದುದು ಪ್ರೆಸ್ಸಿನ ಕಂಪ್ಯೂಟರಿಗೆ, ಬ್ರೌಸರಿಗಲ್ಲ, ಮೇಲ್ ನೋಡುವ ಬೇರೊಂದು ಪ್ರೋಗ್ರಾಮಿಗೆ. ದಿನಾ ಬೆಳಿಗ್ಗೆ ನನ್ನ ಗಂಡ ಅದನ್ನು ಚಾಲೂ ಮಾಡುವಾಗ ನಾನು ಏನಾದರೂ ನೆವ ಮಾಡಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಅವರು ನನ್ನ ಕಡೆ ತಿರುಗದೆ ತಲೆ ಅಲ್ಲಾಡಿಸುತ್ತಿದ್ದರು. ಹೀಗೆ ಒಂದು ಬೇಸಿಗೆ ಹೋಯಿತು, ಮಳೆಗಾಲ ಹೋಯಿತು, ದಸರೆಯ ಮಾನೌಮಿ ಬಂತು.

ಮಾನೌಮಿ ಎಂದರೆ ನಮ್ಮ ಕಡೆ ಮನೆಯಲ್ಲಿ ಒಂದು ಚಿಂದಿಯೂ ಒಗೆಯದೆ ಉಳಿಯುವುದಿಲ್ಲ. ಕೌದಿಗಳು ಹಳ್ಳಕ್ಕೆ ಹೋಗುತ್ತವೆ, ಅಟ್ಟದ ಮೇಲಿನ ಪಾತ್ರೆಗಳು ಅಂಗಳಕ್ಕೆ ಬರುತ್ತವೆ, ಗೋಡೆಗೆ ಸುಣ್ಣ ಬೀಳುತ್ತದೆ. ಬೇಡವಾದದ್ದೆಲ್ಲ ಹೊರಗೆ. ನಾನೂ ಅತ್ತೆಯೂ ಸೊಂಟಕ್ಕೆ ಸೆರಗು ಕಟ್ಟಿಕೊಂಡು ಗುದ್ದಾಡುತ್ತಿರುವಾಗ ನನ್ನ ಗಂಡನಿಗೂ ಹುರುಪು ಬಂತು. "ನೀವು ಮನಿ ತೊಳ್ಯಾಕತ್ತೀರಿ, ನಾ ಕಂಪ್ಯೂಟರ್ ತೊಳೀತೀನಿ" ಎಂದು ಕುಳಿತರು. ಖಂಡೆಪೂಜೆಗೆ, ಆಯುಧಪೂಜೆಗೆ ಎನ್ನಿ, ಅದು ಚೊಕ್ಕಟ ಇರಬೇಕಲ್ಲ. ಕೀಬೋರ್ಡ್ ತಿರುವಿ ಹಾಕಿ ಧೂಳು ಬಡಿದರು. ಹಳೆಯ ಲಗ್ನಪತ್ರಿಕೆಗಳನ್ನು ಅಳಿಸಿದರು. ಆಮೇಲೆ ಒಳಗೆ ಹೋಗಿ, ಉಪಯೋಗಿಸದ ಪ್ರೋಗ್ರಾಮುಗಳನ್ನು ಒಂದೊಂದಾಗಿ ತೆಗೆದರು.

"ಇಂಟರ್‌ನೆಟ್ಟಿಗೆ ಎರಡೆರಡು ಅದಾವ ನೋಡು. ಒಂದು ಸಾಕು" ಎಂದರು. ತಾವು ದಿನಾ ತೆರೆಯುತ್ತಿದ್ದ ಬ್ರೌಸರನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆದುಹಾಕಿದರು. ಕಂಪ್ಯೂಟರ್ ಹಾಕಿಕೊಟ್ಟ ಮೆಕ್ಯಾನಿಕ್ ಆ ಇನ್ನೊಂದನ್ನೇ ಡೀಫಾಲ್ಟ್ ಮಾಡಿಟ್ಟಿದ್ದಾನೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ಶಬ್ದವೇ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಯಂತ್ರ ಮೊದಲಿಗಿಂತ ಹಗುರ ಓಡತೊಡಗಿತು. ಅವರು ಮೀಸೆಯೊಳಗೆ ನಗುತ್ತಾ ನನಗೆ ತೋರಿಸಿದರು, ನಾನೂ ಶಹಭಾಸ್ ಅಂದೆ.

ಖಂಡೆಪೂಜೆಯ ದಿನ ಕತ್ತರಿ, ಕಟಿಂಗ್ ಮಶೀನು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಕುಂಕುಮ ಇಟ್ಟು, ಹೂ ಏರಿಸಿ, ಕಾಯಿ ಒಡೆದೆವು. ಪೂಜೆಗಿಟ್ಟ ಸಾಮಾನನ್ನು ಆ ದಿನ ಮುಟ್ಟುವುದಿಲ್ಲ. ಮೇಲ್ ಬಂದದ್ದು ಆ ದಿನವೇ, ಮಧ್ಯಾಹ್ನದ ಹೊತ್ತಿಗೆ. ಕಂಪ್ಯೂಟರ್ ಹೂ ಮುಡಿದುಕೊಂಡು ಸುಮ್ಮನೆ ಕುಳಿತಿತ್ತು.

ಮರುದಿನ ಭಾನುವಾರ, ಬನ್ನಿಯ ಹಬ್ಬ. ಬೆಳಿಗ್ಗೆ ಹೂ ತೆಗೆದು ಅವರು ಕಂಪ್ಯೂಟರ್ ಚಾಲೂ ಮಾಡಿದರು. ನಾನು ಹೋಳಿಗೆಯ ಕಣಕ ನಾದುತ್ತಿದ್ದೆ. "ಏ, ಬಾ ಇಲ್ಲಿ, ಲಗೂನ ಬಾ" ಎಂದು ಕೂಗಿದ ದನಿಯಲ್ಲೇ ನನಗೆ ಗೊತ್ತಾಯಿತು. ಓಡಿದೆ. ನಿಮಗೊಂದು ಮಗುವನ್ನು ಸೂಚಿಸಿದ್ದೇವೆ, ಫೋಟೋ ಮತ್ತು ಆರೋಗ್ಯದ ವರದಿ ಕೆಳಗಿನ ಲಿಂಕಿನಲ್ಲಿದೆ, ಎರಡು ದಿನದೊಳಗೆ ಒಪ್ಪಿಗೆ ತಿಳಿಸಬೇಕು ಎಂದು ಇಂಗ್ಲಿಷಿನಲ್ಲಿತ್ತು. ಅವರು ಕುರ್ಚಿಯಿಂದ ಎದ್ದು ನನ್ನನ್ನು ಕೂರಿಸಿದರು. "ನೀನ ಒತ್ತು" ಎಂದರು. ಸೆರಗಿಗೆ ಕೈ ಒರೆಸಿಕೊಂಡು ಒತ್ತಿದೆ.

ಟಣ್ ಎಂದು ಸದ್ದಾಗಿ ಒಂದು ಸಣ್ಣ ಚೌಕ ಮೂಡಿತು. ಫೋಟೋ ಅಲ್ಲ. ಈ ಕಂಪ್ಯೂಟರಿನ ಮೇಲಿರುವ ನಿರ್ಬಂಧಗಳ ಕಾರಣ ಈ ಕಾರ್ಯ ರದ್ದಾಗಿದೆ, ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎಂದು ಅದರಲ್ಲಿ ಬರೆದಿತ್ತು. ಅದೂ ಇಂಗ್ಲಿಷಿನಲ್ಲೇ. ನನ್ನ ಗಂಡ ಬೆರಳಿಟ್ಟು ಓದಿದರು. ನಾನೂ ಓದಿದೆ. ಮತ್ತೊಮ್ಮೆ ಒತ್ತಿದೆವು, ಮತ್ತೆ ಅದೇ ಚೌಕ. ಅವರು ಒತ್ತಿದರೂ ಅದೇ.

"ಕ್ಯಾನ್ಸಲ್ ಮಾಡ್ಯಾರ" ಎಂದರು.

ಇವತ್ತು ನನ್ನಲ್ಲಿಗೆ ಯಾರಾದರೂ ಬಂದು ಅದೇ ಚೌಕ ತೋರಿಸಿದರೆ ಚಹಾ ಆರುವುದರೊಳಗೆ ಸರಿಮಾಡಿ ಕೊಡುತ್ತೇನೆ. ಮೇಲ್ ತೆರೆಯುವ ಪ್ರೋಗ್ರಾಮಿಗೆ ತಾನಾಗಿ ಲಿಂಕ್ ತೆರೆಯಲು ಬರುವುದಿಲ್ಲ. ಅದು ಡೀಫಾಲ್ಟ್ ಎಂದು ಬರೆದಿಟ್ಟ ಬ್ರೌಸರಿನ ಮನೆ ಬಾಗಿಲು ತಟ್ಟುತ್ತದೆ. ಆ ಮನೆಯವರು ಊರು ಬಿಟ್ಟಿದ್ದರೆ ಯಾರೂ ಓ ಅನ್ನುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಿದ್ದರೆ ನಮಗೂ ತಿಳಿಯುತ್ತಿತ್ತು. ಅದು ಬಿಟ್ಟು ಆ ದರಿದ್ರ ಯಂತ್ರ ನಿರ್ಬಂಧ, ರದ್ದು ಎಂದು ಸರ್ಕಾರಿ ನೋಟೀಸಿನ ಭಾಷೆಯಲ್ಲಿ ಮಾತಾಡುತ್ತದೆ. ಇದನ್ನು ಬರೆದವನು ಯಾವ ದೇಶದವನೋ, ಸಿಕ್ಕರೆ ನಾಲ್ಕು ಮಾತು ಕೇಳಬೇಕೆಂದಿದ್ದೇನೆ. ಈ ಕಂಪ್ಯೂಟರಿನ ಮೇಲೆ ಎಂದು ಅದರಲ್ಲೇ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು. ಓದಿದೆವು ಕೂಡ. ಕಣ್ಣಿಗೆ ಹತ್ತಿದ್ದು ಮಾತ್ರ ರದ್ದು ಎಂಬುದೊಂದೇ. ಎಷ್ಟೋ ವರ್ಷ ಎಲ್ಲ ಕಡೆಯಿಂದಲೂ ಇಲ್ಲ ಇಲ್ಲ ಎಂದು ಕೇಳಿಸಿಕೊಂಡವರಿಗೆ ಇನ್ನೊಂದು ಇಲ್ಲವನ್ನು ನಂಬುವುದು ಬಹಳ ಸುಲಭ. ಹೌದು ಎಂದಿದ್ದರೆ ನಾವು ಹತ್ತು ಸಲ ಪರೀಕ್ಷೆ ಮಾಡಿ ನೋಡುತ್ತಿದ್ದೆವೇನೋ.

ಕಚೇರಿಗೆ ಫೋನ್ ಮಾಡಿದೆವು, ಹಬ್ಬದ ರಜೆ, ಗಂಟೆ ಬಾರಿಸಿ ಬಾರಿಸಿ ನಿಂತಿತು. ಬಸ್ ಸ್ಟ್ಯಾಂಡಿನ ಹತ್ತಿರದ ನೆಟ್ ಸೆಂಟರಿಗೆ ಹೋಗಿ ತೋರಿಸೋಣವೇ ಎಂದು ನಾನು ಕೇಳಿದೆ. "ಅವನಿಗಿ ಗೊತ್ತಾದ್ರ ಸಂಜಿ ಒಳಗ ಊರಿಗೆಲ್ಲ ಗೊತ್ತಾಗ್ತದ" ಎಂದರು ಅವರು. ನಿಜವೇ. ನಾನೂ ಒತ್ತಾಯ ಮಾಡಲಿಲ್ಲ.

ಸಂಜೆ ಬನ್ನಿ ಕೊಡಲು ಜನ ಬರತೊಡಗಿದರು. "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ" ಎನ್ನುತ್ತಾ ಎಲೆ ಕೈಗಿಡುವುದು, ಕಾಲಿಗೆ ಬೀಳುವುದು, ಹೋಳಿಗೆ ತಿಂದು ಹೋಗುವುದು. ಪಕ್ಕದ ಮನೆಯ ಹಣ್ಣಿನ ವ್ಯಾಪಾರದ ಸಾಬರೂ ಹೆಂಡತಿಯೂ ಬಂದು ಎಲೆ ಕೊಟ್ಟರು. ಆಕೆ ನನ್ನ ಮುಖ ನೋಡಿ, "ಕ್ಯಾ ಜೀ, ತಬಿಯತ್ ಠೀಕ್ ನೈ ಕ್ಯಾ?" ಎಂದು ಮೆಲ್ಲಗೆ ಕೇಳಿದಳು. ತಲೆನೋವು ಅಂದೆ. ಬಂದವರ ಮುಂದೆಲ್ಲ ನಕ್ಕು ನಕ್ಕು ನನ್ನ ದವಡೆ ನೋಯುತ್ತಿತ್ತು.

ಎಲ್ಲರೂ ಹೋದ ಮೇಲೆ ಅತ್ತೆಗೆ ಹೇಳಿದೆವು. ಅವರು ಗೋಡೆಗೆ ಆತು ಕುಳಿತರು. "ಅವತ್ತ ಆ ಮೇಡಂಗ ಕೂಸಿನ ಕುಲ ಕೇಳಿದ್ನಲ್ಲ, ಅದಕ್ಕ ಕ್ಯಾನ್ಸಲ್ ಮಾಡ್ಯಾರ. ನನ್ನ ಬಾಯಿಗಿಷ್ಟು ಬೆಂಕಿ ಬೀಳ್ಲಿ" ಎಂದರು. ಅಲ್ಲ ಬಿಡ್ರಿ ಅತ್ತಿ ಎಂದು ನನ್ನ ಬಾಯಿಗೆ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಆ ರಾತ್ರಿ ಅತ್ತೆ ಹೋಳಿಗೆ ಮುಟ್ಟಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ನಾವಿಬ್ಬರೂ ರಾಯಚೂರಿಗೆ ಹೊರಟೆವು. ಗಬ್ಬೂರಿನ ತನಕ ಹತ್ತಿ ಬಿಡಿಸುವ ಹೆಂಗಸರು ಬಸ್ಸಿನಲ್ಲಿ ತುಂಬಿದ್ದರು, ಆಮೇಲೆ ಕುಳಿತುಕೊಳ್ಳಲು ಜಾಗ ಸಿಕ್ಕಿತು. ನಾನು ದಾರಿಯುದ್ದಕ್ಕೂ ಮೇಡಂ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅತ್ತೆ ಹಳೇ ಕಾಲದವರು, ಬಾಯಿ ಅಷ್ಟೇ, ಹೊಟ್ಟೆಯಲ್ಲಿ ಏನಿಲ್ಲ. ಒಮ್ಮೆ ಸಿಟ್ಟಿನಿಂದ, ಒಮ್ಮೆ ಕೈ ಮುಗಿದು. ಎರಡೂ ರೀತಿ ತಯಾರಿತ್ತು.

ಕಚೇರಿ ತೆರೆದಾಗಲೇ ಮುಟ್ಟಿದೆವು. ಮೇಡಂ ಮೀಟಿಂಗಿನಲ್ಲಿದ್ದರು. ಹೊರಗೆ ಬೆಂಚಿನ ಮೇಲೆ ಕುಳಿತೆವು. ಅಟೆಂಡರ್ ಬಂದು, "ಏನು ಕೆಲಸದ ಮ್ಯಾಲೆ ಬಂದೀರಿ? ಒಳಗ ಇನ್ನೊಬ್ಬರು ಅದಾರ, ಅವರಿಗಿ ಕೇಳ್ರಿ" ಎಂದ. ನನ್ನ ಗಂಡ ನನ್ನ ಕಡೆ ನೋಡಿದರು. ಪಕ್ಕದಲ್ಲಿ ದೇವದುರ್ಗದ ಕಡೆಯವರೇ ಯಾರೋ ಕುಳಿತಿದ್ದರು. "ಪರ್ಸನಲ್ ಅದರಿ, ಮೇಡಮ್ಮರ ಹಂತ್ಯಾಕನ ಮಾತಾಡಬೇಕು" ಎಂದರು ನನ್ನ ಗಂಡ. ಅವನು ಹೋದ. ನಾವು ಕುಳಿತೆವು. ಚಹಾದವನು ಬಂದು ಹೋದ, ಬಿಸಿಲು ಮೆಟ್ಟಿಲು ಹತ್ತಿ ನಮ್ಮ ಕಾಲ ಹತ್ತಿರ ಬಂತು. ಮೇಡಂ ಮೀಟಿಂಗ್ ಮುಗಿಸಿ ಬಂದಾಗ ಊಟದ ಹೊತ್ತಾಗಿತ್ತು.

ನಾನು ತಯಾರು ಮಾಡಿಕೊಂಡದ್ದೊಂದೂ ಬಾಯಿಗೆ ಬರಲಿಲ್ಲ. "ಯಾಕ ಕ್ಯಾನ್ಸಲ್ ಮಾಡಿದ್ರಿ?" ಎಂದೆ, ಅಷ್ಟೇ.

"ಯಾರು ಮಾಡ್ಯಾರ?" ಎಂದು ಅವರು ತಮ್ಮ ಕಂಪ್ಯೂಟರಿನಲ್ಲಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಬದಲಾಯಿತು. "ಏನೂ ಕ್ಯಾನ್ಸಲ್ ಆಗಿದ್ದಿಲ್ರೀ. ನಿಮಗ ಕೂಸು ತೋರಿಸಿತ್ತು. ಇವತ್ತ ಮಧ್ಯಾಹ್ನದ ತನಕ ಟೈಮ್ ಇತ್ತು. ಈಗ ಮುಗದದ ನೋಡ್ರಿ, ಈಗಷ್ಟ" ಎಂದರು. ನನ್ನ ಗಂಡ ಚೌಕದ ವಿಷಯ ಹೇಳಿದರು. "ಅದು ನಿಮ್ಮ ಕಂಪ್ಯೂಟರಿಂದು ಇರಬೇಕು, ನಮ್ಮದಲ್ಲರಿ. ಎಷ್ಟೊತ್ತಿಗಿ ಬಂದ್ರಿ ನೀವು?"

ಬಂದದ್ದು ಬೆಳಿಗ್ಗೆಯೇ. ಅವಕಾಶ ಇದ್ದಷ್ಟೂ ಹೊತ್ತು ನಾವು ಆ ಬಾಗಿಲ ಹೊರಗೇ ಕುಳಿತಿದ್ದೆವು.

ಫೋಟೋ ಒಂದು ಸಲ ತೋರಿಸಿ ಎಂದು ಕೇಳಿದೆ. ಗಡುವು ಮುಗಿದ ಮೇಲೆ ತೋರಿಸುವಂತಿಲ್ಲ ಎಂದರು. ಹೋಗಲಿ, ಗಂಡೋ ಹೆಣ್ಣೋ ಅದನ್ನಾದರೂ ಹೇಳಿ ಎಂದೆ. ಅವರು ನೀರಿನ ಗ್ಲಾಸು ನನ್ನ ಕಡೆ ಸರಿಸಿ, "ಬ್ಯಾಡ್ರಿ ಅಕ್ಕಾರ. ತಿಳ್ಕೊಂಡ್ರ ಇನ್ನಾ ತ್ರಾಸ ಆಗ್ತದ. ನಿಮ್ಮ ಹೆಸರು ಹೋಗಿಲ್ಲ, ಮತ್ತ ಬರ್ತದ. ಆ ಕೂಸನ್ನ ಮುಂದಿನವರಿಗಿ ತೋರಿಸ್ತಾರ" ಎಂದರು. ಅವತ್ತು ನನಗೆ ಆಕೆಯ ಮೇಲೆ ಮೈ ಉರಿಯುವಷ್ಟು ಸಿಟ್ಟು ಬಂತು. ಒಳ್ಳೆಯ ಹೆಣ್ಣುಮಗಳು, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೂ ಅಷ್ಟು ಹೇಳಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮರುದಿನ ಮೆಕ್ಯಾನಿಕ್ ಬಂದ. ನೋಡಿದವನೇ ನಕ್ಕ. "ಬ್ರೌಸರನ ಕಿತ್ತಿ ಒಗದೀರಲ್ರೀ ಸಾವ್ಕಾರ್ರ" ಎಂದು, ಉಳಿದಿದ್ದ ಇನ್ನೊಂದನ್ನು ಡೀಫಾಲ್ಟ್ ಮಾಡಿದ, ಮೇಲ್‌ನ ಲಿಂಕುಗಳು ಅದಕ್ಕೇ ಹೋಗುವಂತೆ ಜೋಡಿಸಿದ. "ಏನರ ಅರ್ಜೆಂಟ್ ಲಿಂಕ್ ಇತ್ತೇನ್ರಿ?" ಎಂದು ಕೇಳಿದ. "ಇಲ್ಲಪ್ಪ, ಹಂಗ" ಎಂದರು ನನ್ನ ಗಂಡ. ನಾನು ಅವನನ್ನು ಬಿಡಲಿಲ್ಲ. ಮೊದಲಿನಂತೆ ಕೆಡಿಸಿ ಮತ್ತೆ ಸರಿಮಾಡಿ ತೋರಿಸು ಎಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಹುಚ್ಚಿ ಎಂದುಕೊಂಡಿರಬೇಕು, ಆದರೂ ತೋರಿಸಿದ.

ಅವನು ಹೋದ ಮೇಲೆ ನಾನೊಬ್ಬಳೇ ಆ ಮೇಲ್ ತೆರೆದು ಲಿಂಕ್ ಒತ್ತಿದೆ. ಈ ಸಲ ಚೌಕ ಬರಲಿಲ್ಲ. ಪುಟ ಸಲೀಸಾಗಿ ತೆರೆಯಿತು. ಒಪ್ಪಿಗೆಯ ಅವಧಿ ಮುಗಿದಿದೆ ಎಂದು ಒಂದೇ ಸಾಲಿತ್ತು. ಅದರ ಕೆಳಗೆಲ್ಲ ಬಿಳಿ.

ಅತ್ತೆಗೆ ಎಷ್ಟು ತಿಳಿಸಿ ಹೇಳಿದರೂ ಕಂಪ್ಯೂಟರಿನ ಮಾತು ಅವರ ಮನಸ್ಸಿಗೆ ಹೋಗಲಿಲ್ಲ. "ಮಶೀನಿಗಿ ಏನು ಗೊತ್ತಾಗ್ತದವಾ, ನನ್ನ ಸಮಾಧಾನಕ್ಕ ಹೇಳಾಕತ್ತೀರಿ ನೀವು" ಎನ್ನುತ್ತಿದ್ದರು. ಮತ್ತೆ ಮೇಲ್ ಬಂತು, ಬಹಳ ದಿನದ ಮೇಲೆ. ಆ ಲಿಂಕ್ ಒತ್ತಿದ ತಕ್ಷಣ ತೆರೆಯಿತು. ಮಗಳು ಮನೆಗೆ ಬಂದಳು. ಅತ್ತೆ ತಾವು ಬದುಕಿರುವ ತನಕ ಅವಳನ್ನು ಮಡಿಲಿನಿಂದ ಇಳಿಸಲಿಲ್ಲ, ಕುಲದ ಮಾತು ಮತ್ತೆಂದೂ ಎತ್ತಲಿಲ್ಲ. ಆದರೆ ಮಾನೌಮಿ ಬಂದಾಗ ಒಂದು ದಿನ ಮಂಕಾಗಿ ಕೂರುತ್ತಿದ್ದರು, ನಾನು ಯಾಕೆಂದು ಕೇಳುತ್ತಿರಲಿಲ್ಲ. ಹಬ್ಬದ ದಿನ ನಾನು ಅಲ್ಲ ಬಿಡ್ರಿ ಅತ್ತಿ ಎಂಬ ಆ ಒಂದು ಮಾತು ಆಡಿದ್ದರೆ ಸಾಕಿತ್ತು. ಆಮೇಲೆ ನೂರು ಸಲ ಆಡಿದರೂ ಅದು ಹತ್ತಲಿಲ್ಲ. ನನ್ನ ಗಂಡನಂತೂ ಅಂದಿನಿಂದ ಕಂಪ್ಯೂಟರಿನಿಂದ ಏನನ್ನೂ ಅಳಿಸುವುದಿಲ್ಲ. ಪ್ರೆಸ್ಸನ್ನು ರಾಯಚೂರಿಗೆ ತಂದರೂ ಅದರಲ್ಲಿ ಯಾರ್ಯಾರದೋ ಹಳೆಯ ಲಗ್ನಪತ್ರಿಕೆಗಳು ಹಾಗೇ ಬಿದ್ದಿವೆ.

ನನಗೆ ಆಗುವ ಸಂಕಟ ಬೇರೆ ತರಹದ್ದು. ಅವತ್ತು ಲಿಂಕ್ ತೆರೆದಿದ್ದರೆ ಎಂದು ಮನಸ್ಸು ಹೋದಾಗಲೆಲ್ಲ ಮಗಳ ಮುಖ ಅಡ್ಡ ಬರುತ್ತದೆ. ತೆರೆದಿದ್ದರೆ ಇವಳು ಬರುತ್ತಿರಲಿಲ್ಲ. ಹಾಗಾಗಿ ನನಗೆ ಪೂರ್ತಿ ದುಃಖ ಪಡುವುದಕ್ಕೂ ಆಗುವುದಿಲ್ಲ, ಮರೆಯುವುದಕ್ಕೂ ಆಗುವುದಿಲ್ಲ. ಇದನ್ನು ಯಾರಿಗಾದರೂ ಹೇಳಿದರೆ, ದೇವರು ಒಳ್ಳೆಯದೇ ಮಾಡಿದ ಬಿಡು ಎನ್ನುತ್ತಾರೆ. ಆ ಮಾತು ನನಗೆ ಸಿಟ್ಟು ತರಿಸುತ್ತದೆ. ನಮಗೇನೋ ಒಳ್ಳೆಯದಾಯಿತು, ಆ ಕೂಸಿಗೆ?

ಮಗಳಿಗೆ ಅವಳು ಬಂದ ಕಥೆಯನ್ನು ನಾವು ಚಿಕ್ಕಂದಿನಿಂದಲೇ ಹೇಳಿದ್ದೇವೆ, ಅವಳಿಗದು ಬಾಯಿಪಾಠ. ಕಳೆದ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದಾಗ, "ಯವ್ವಾ, ನನ್ನಕಿಂತ ಮೊದಲ ಬ್ಯಾರೆ ಯಾರ್ದರ ಫೋಟೋ ತೋರಿಸಿದ್ರೇನು?" ಎಂದು ಕೇಳಿದಳು. ಸುಳ್ಳು ಹೇಳಬಾರದೆಂದು ಎಲ್ಲವನ್ನೂ ಹೇಳಿದೆ. ಹಬ್ಬ, ಚೌಕ, ಬೆಂಚು, ಬಿಳಿ ಪುಟ. ತಾನು ಬರದೇ ಇರಬಹುದಿತ್ತು ಎಂದು ಅವಳಿಗೆ ನೋವಾಗುತ್ತದೆಂದು ನಾನು ಹೆದರಿದ್ದೆ. ಅವಳು ಅದರ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ. ಶಾವಿಗೆಯ ಎಳೆ ಬಿಡಿಸುತ್ತಿದ್ದವಳು ತಲೆಯೆತ್ತಿ ಕೇಳಿದಳು.

"ಆಮ್ಯಾಲ ಆ ಕೂಸಿಗಿ ಮನಿ ಸಿಕ್ತೇನವಾ?"

"ಸಿಕ್ತು" ಎಂದೆ.

"ಖರೇನ?"

"ಖರೇನ. ಛಲೋ ಮನಿ ಸಿಕ್ಕದ" ಎಂದೆ. ಅವಳು ಸಮಾಧಾನದಿಂದ ಕೆಳಗೆ ಆಡಲು ಹೋದಳು. ನನಗೆ ಗೊತ್ತಿಲ್ಲ.